ಲೈನ್ ಹೋದರೆ ಯಾರನ್ನು ಕರೆಯುವುದು?

ಕಾಸರಗೋಡಿನ ಬದಿಯಡ್ಕ ಸಮೀಪದ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರ ಕೇಬಲ್ಲನ್ನು ದೊಡ್ಡ ಕಂಪೆನಿ ವಹಿಸಿಕೊಂಡ ಮೇಲೆ ಚಿತ್ರವೇನೋ ಸ್ಪಷ್ಟ. ಆದರೆ ಲೈನ್ ಹೋದರೆ ಕೇಳುವವರಿಲ್ಲ, ಫೋನೆತ್ತುವವರಿಗೆ ಕನ್ನಡ ಬಾರದು, ಕೊಟ್ಟ ಪ್ಯಾಕೇಜಿನಲ್ಲಿ ಕನ್ನಡ ಚಾನೆಲ್ ಎರಡೋ ಮೂರೋ. ಡಿಶ್ ಹಾಕಿಸುವುದೇ ಲೇಸಲ್ಲವೇ?”

ಚಿತ್ರ ಚೆನ್ನಾದದ್ದು ನಿಜ, ಅದೇ ಲೈನಿನಲ್ಲಿ ಇಂಟರ್‌ನೆಟ್ಟೂ ಬಂತು. ಒಪ್ಪಿದೆ. ಆದರೆ ಹೋದದ್ದೇನು ನೋಡಿ. ನಮ್ಮ ಕಡೆ ಕೇಬಲ್ ಬರುವುದು ಅಡಕೆ ಕಂಗಿನಿಂದ ಕಂಗಿಗೆ ಕಟ್ಟಿಸಿಕೊಂಡು, ತೋಟ ದಾಟಿ. ಸಿಡಿಲಿಗೆ ಆಂಪ್ಲಿಫಯರ್ ಸುಡುವುದು, ಸೋಗೆ ಬಿದ್ದು ಜಾಯಿಂಟ್ ಕಳಚುವುದು ವರ್ಷವೂ ಇದ್ದದ್ದೇ. ನಮ್ಮ ಮನೆಗೆ ಲೈನ್ ಎಳೆದಿದ್ದ ಹುಡುಗ ಮಳೆಯಲ್ಲೇ ಏಣಿ ಹೊತ್ತು ಬರುತ್ತಿದ್ದ. ಯಾವ ಹಲಸಿನ ಮರದ ಬುಡದಲ್ಲಿ ಜಾಯಿಂಟ್ ಇದೆಯೆಂದು ಅವನಿಗೆ ಹೇಳಬೇಕಿರಲಿಲ್ಲ. ರಾತ್ರಿ ಲೋಕಲ್ ಚಾನೆಲ್‌ನಲ್ಲಿ ಯಕ್ಷಗಾನ ಆಟದ ನೇರ ಪ್ರಸಾರವಿದ್ದರಂತೂ ಕರೆಯುವ ಮೊದಲೇ ಹಾಜರು. ಊರ ಜಾತ್ರೆ, ಬ್ರಹ್ಮಕಲಶ ಎಲ್ಲ ಮುದುಕರು ಮನೆಯಲ್ಲೇ ಕಂಡದ್ದು ಆ ಚಾನೆಲ್‌ನಲ್ಲಿ. 2017ರ ಮಾರ್ಚ್ ಕೊನೆಗೆ ಹಳ್ಳಿಗಳಲ್ಲೂ ಬಾಕ್ಸ್ ಇಲ್ಲದ ಹಳೆಯ ಅನಲಾಗ್ ಪ್ರಸಾರ ನಿಲ್ಲಬೇಕೆಂದಾಗಲೇ ಸಿಗ್ನಲ್‌ನ ಹಿಡಿತ ಊರ ಆಪರೇಟರನ ಕೈತಪ್ಪಿತ್ತು. ಸೆಟ್‌ಟಾಪ್ ಬಾಕ್ಸ್ ತೆರೆಯುವುದೂ ಮುಚ್ಚುವುದೂ ದೂರದ ಕಂಟ್ರೋಲ್ ರೂಮಿನಿಂದ. ಅವನ ಪಾಲಿಗೆ ಉಳಿದದ್ದು ತಂತಿ ಮತ್ತು ವಸೂಲಿ. ಈಗ ನಿಮ್ಮಲ್ಲಿ ಅದೂ ಇಲ್ಲ.

ನಿಮ್ಮ ಮೇಲೂ ನನಗೊಂದು ಸಣ್ಣ ಸಿಟ್ಟಿದೆ. 2019ರ ಫೆಬ್ರವರಿಯಿಂದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸುವ ಹಕ್ಕು ಕೇಬಲ್, ಫೋನುಗಳ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ನ ನಿಯಮದಲ್ಲೇ ಇದೆ. ಕೊಟ್ಟ ಪ್ಯಾಕೇಜಿಗೆ ತಲೆಯಾಡಿಸಿದ್ದೇಕೆ? ಡಿಶ್ ಜೋರುಮಳೆಗೆ ಕೈಕೊಡುತ್ತದೆ, ಅದಿರಲಿ. ಕನ್ನಡದವರೆಲ್ಲ ಕೇಬಲ್ ಬಿಟ್ಟುಹೋದರೆ ಇಲ್ಲಿ ಕನ್ನಡ ನೋಡುವವರೇ ಇಲ್ಲವೆಂದು ಕಂಪೆನಿಗೆ ಹೇಳಲು ಸಲೀಸು.

ಬೋರ್ಡು, ಅರ್ಜಿ, ನೋಟೀಸು ಎಲ್ಲದರಲ್ಲೂ ನಮ್ಮ ಪಾಡು ಇದೇ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ಬಳಸುವವರೇ ಕಡಿಮೆ, ಹಾಗಾಗಿ ಕೊಡುವವರಿಗೂ ಮರೆತುಹೋಗಿದೆ. ತಿಂಗಳು ತಿಂಗಳು ನಮ್ಮ ದುಡ್ಡು ಎಣಿಸಿಕೊಳ್ಳುವ ಕಂಪೆನಿಗೆ ಕನ್ನಡ ಬಲ್ಲ ಒಬ್ಬರನ್ನು ಫೋನಿನ ಬಳಿ ಕೂರಿಸುವುದು ಕಷ್ಟವೇ? ಕುಂಬಳೆ, ಮಂಜೇಶ್ವರದಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ಮಕ್ಕಳು ಕೆಲಸವಿಲ್ಲದೆ ಮಂಗಳೂರಿಗೆ ಬಸ್ಸು ಹತ್ತುತ್ತಿದ್ದಾರೆ.

ಬೇಕಾದ ಚಾನೆಲ್‌ಗಳ ಪಟ್ಟಿಯನ್ನೂ ದೂರನ್ನೂ ಕನ್ನಡದಲ್ಲೇ ಬರೆದು, ನೆರೆಮನೆಗಳವರ ಸಹಿ ಹಾಕಿಸಿ ಕೊಡಿ, ಸ್ವೀಕೃತಿ ಪಡೆಯಿರಿ. ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ. ಕಂಪೆನಿ ಏನು ಉತ್ತರಿಸುತ್ತದೋ ಅದನ್ನೂ ಸೇರಿಸಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ