ಅರ್ಧ ಮೀಟರ್ ಉಬ್ಬರಕ್ಕೆ ಇಷ್ಟೇಕೆ ಭಯ?

ಪ್ರಶ್ನೆ: ಶಾಂತ ಮಹಾಸಾಗರದ ಟುವಾಮೊಟು ಹವಳದ್ವೀಪಗಳಲ್ಲಿ ಉಬ್ಬರವಿಳಿತದ ಅಂತರ ಅರ್ಧ ಮೀಟರಿನ ಆಸುಪಾಸಿನಲ್ಲಿರುತ್ತದೆ ಎಂದು ಓದಿದ್ದೇನೆ. ನಮ್ಮ ಶರಾವತಿಯ ಅಳಿವೆಯಲ್ಲಿ ನೀರು ಅದಕ್ಕಿಂತ ಎಷ್ಟೋ ಹೆಚ್ಚು ಏರಿಳಿಯುತ್ತದೆ. ಹೀಗಿದ್ದರೂ ಸಣ್ಣ ಹಾಯಿದೋಣಿಗಳಲ್ಲಿ ಅಲ್ಲಿಗೆ ಹೋಗುವವರು, ಸಾಗರ ದಾಟುವುದಕ್ಕಿಂತ ದ್ವೀಪದೊಳಗೆ ಪ್ರವೇಶಿಸುವುದೇ ಕಷ್ಟವೆನ್ನುವುದೇಕೆ? ಜಿಪಿಎಸ್ ಇದ್ದರೂ ಸಾಲದೆ?
– ಓದುಗರು, ಹೊನ್ನಾವರ

ಉತ್ತರ: ಅಳಿವೆಯ ಮಾತನ್ನು ನೀವೇ ಎತ್ತಿದ್ದರಿಂದ ವಿವರಣೆ ಸುಲಭವಾಯಿತು. ಅಳಿವೆಯ ಬಾಗಿಲಲ್ಲಿ ದೋಣಿಯನ್ನು ಕಾಡುವುದು ನೀರಿನ ಎತ್ತರವಲ್ಲ, ಸೆಳೆತ. ಟುವಾಮೊಟುವಿನಲ್ಲಿಯೂ ಅಷ್ಟೇ. ಅಲ್ಲಿನ ರಂಗಿರೋವಾ ದ್ವೀಪವೆಂದರೆ ಹವಳದ ದಿಬ್ಬದ ಒಂದು ಉಂಗುರ. ಅದರೊಳಗಿನ ನೀರಿನ ಹರವು, ಅಂದರೆ ಲಗೂನ್, 1,400 ಚದರ ಕಿಲೋಮೀಟರಿಗೂ ಹೆಚ್ಚು. ಇಷ್ಟು ವಿಸ್ತಾರದ ನೀರು ಕೇವಲ 10 ಸೆಂಟಿಮೀಟರ್ ಇಳಿಯಬೇಕಾದರೂ 14 ಕೋಟಿ ಘನ ಮೀಟರ್ ನೀರು ಹೊರಹೋಗಬೇಕು. ದೋಣಿಗಳು ಬಳಸುವ ಮುಖ್ಯ ಬಾಗಿಲುಗಳೋ ಎರಡೇ, ಅವತೋರು ಮತ್ತು ಟಿಪುಟಾ. ಸೆಳೆತ ಹುಟ್ಟುವುದು ಹೀಗೆ.

ಇದರ ಮೇಲೆ ಇನ್ನೊಂದು ತೊಡಕಿದೆ. ಗಾಳಿ ಬೀಸಿ ಬರುವ ಕಡೆಯ ದಿಬ್ಬವನ್ನು ಹಾರಿ ಅಲೆಗಳು ಹಗಲಿರುಳೂ ಲಗೂನಿಗೆ ನೀರು ತುಂಬುತ್ತಿರುತ್ತವೆ. ದೂರದ ದಕ್ಷಿಣದ ಬಿರುಗಾಳಿಯಿಂದೆದ್ದ ದೊಡ್ಡ ಅಲೆಗಳು ಬಂದ ದಿನಗಳಲ್ಲಿ ಆ ನೀರೆಲ್ಲ ಬಾಗಿಲಿನಿಂದಲೇ ಹೊರನುಗ್ಗುವುದರಿಂದ, ಉಬ್ಬರದ ಪಟ್ಟಿಯನ್ನು ನೋಡಿ ನೀರು ನಿಲ್ಲುವ ಹೊತ್ತನ್ನು ಲೆಕ್ಕಹಾಕಿದವರ ಲೆಕ್ಕ ತಪ್ಪುತ್ತದೆ. ಸಣ್ಣ ಹಾಯಿದೋಣಿಯ ವೇಗ ಗಂಟೆಗೆ ಐದಾರು ನಾಟಿಕಲ್ ಮೈಲಿ. ಸೆಳೆತವೂ ಕೆಲವೊಮ್ಮೆ ಅಷ್ಟೇ ಇರುತ್ತದೆ. ಹೊರಹರಿಯುವ ನೀರು ಎದುರಿನಿಂದ ಬರುವ ಅಲೆಗೆ ತಾಗಿದಲ್ಲಿ ನೀರು ಗೋಡೆಯಂತೆ ಎದ್ದು ನಿಲ್ಲುವುದನ್ನು ನಿಮ್ಮೂರಿನ ಮೀನುಗಾರರು ನನಗಿಂತ ಚೆನ್ನಾಗಿ ಬಲ್ಲರು.

ಈಗ ಜಿಪಿಎಸ್ ವಿಚಾರ. ದೋಣಿ ಇರುವ ಸ್ಥಾನವನ್ನು ಅದು ನಿಖರವಾಗಿ ತೋರಿಸುತ್ತದೆ, ನಿಜ. ಆದರೆ ನೀರಿನಡಿ ಮೊಳದುದ್ದದಲ್ಲಿ ಅಡಗಿರುವ ಹವಳದ ಬಂಡೆಯನ್ನು ತೋರಿಸಬೇಕಾದುದು ನಕ್ಷೆ. ಗುರುತು ಹಾಕಿದ ದಾರಿ ಬಿಟ್ಟರೆ ಎಷ್ಟೋ ಲಗೂನುಗಳ ಒಳಭಾಗವನ್ನು ಪೂರ್ತಿಯಾಗಿ ಅಳೆದೇ ಇಲ್ಲ. ಆದ್ದರಿಂದ ಸೂರ್ಯ ನೆತ್ತಿಯ ಹತ್ತಿರ ಬಂದು, ಬೆಳಕು ಬೆನ್ನ ಹಿಂದಿರುವಾಗ, ಒಬ್ಬರು ಎತ್ತರದಲ್ಲಿ ನಿಂತು ನೀರಿನ ಬಣ್ಣವನ್ನು ಓದುತ್ತಾರೆ: ಕಡುನೀಲಿಯಾದರೆ ಆಳ, ತಿಳಿಹಸಿರಾದರೆ ಮರಳಿನ ತಳ, ಕಂದು ಕಂಡರೆ ಬಂಡೆ ಮೇಲೆಯೇ ಇದೆ. ಮೋಡ ಕವಿದರೆ ಈ ಓದು ಸಾಗದು.

1768ರಲ್ಲಿ ಈ ಸಾಲನ್ನು ಹಾದುಹೋದ ಫ್ರೆಂಚ್ ನಾವಿಕ ಬೂಗನ್‌ವಿಲ್ ಇದಕ್ಕೆ ‘ಅಪಾಯದ ದ್ವೀಪಸಮೂಹ’ ಎಂದೇ ಹೆಸರಿಟ್ಟ. ನೆಲ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿರುವುದರಿಂದ ಮೊದಲು ಕಾಣುವುದು ತೆಂಗಿನ ತಲೆಗಳು, ಅದೂ ಹತ್ತು ನಾಟಿಕಲ್ ಮೈಲಿಯೊಳಗೆ ಬಂದ ಮೇಲೆ. ಅಂದರೆ ಎರಡು ಗಂಟೆಗಿಂತ ಹೆಚ್ಚಿನ ಮುನ್ಸೂಚನೆ ಸಿಗುವುದಿಲ್ಲ. ಪೆರುವಿನಿಂದ 101 ದಿನ ತೇಲಿಬಂದ, ನಾರ್ವೆಯ ಸಾಹಸಿ ಥಾರ್ ಹೆಯರ್‌ಡಾಲ್‌ನ ಕಾನ್-ಟಿಕಿ ತೆಪ್ಪ 1947ರ ಆಗಸ್ಟ್ 7ರಂದು ಅಪ್ಪಳಿಸಿದ್ದು ಇದೇ ಸಾಲಿನ ರಾರೋಯಾ ದಿಬ್ಬಕ್ಕೆ. ಆರೂ ಮಂದಿ ಬದುಕುಳಿದರು, ಆದರೆ ತೆಪ್ಪವನ್ನು ಬೇಕಾದತ್ತ ತಿರುಗಿಸುವ ಉಪಾಯ ಅವರಿಗೆ ಇರಲಿಲ್ಲವೆಂಬುದನ್ನು ಮರೆಯಬಾರದು.

ಹಾಯಿದೋಣಿಗಳು ಸಾಮಾನ್ಯವಾಗಿ ಹೊರಟು ಬರುವ ಮಾರ್ಕೇಸಸ್ ದ್ವೀಪಗಳಿಂದ ಇಲ್ಲಿಗೆ ಸುಮಾರು 500 ನಾಟಿಕಲ್ ಮೈಲಿ, ನಾಲ್ಕೈದು ದಿನಗಳ ಪಯಣ. ಕೊನೆಯ ದಿನ ಹೊತ್ತು ಮೀರುವುದೆಂದು ಕಂಡರೆ ಮರುದಿನ ಬೆಳಕಿನಲ್ಲಿ ತಲುಪುವಂತೆ ಅನುಭವಸ್ಥರು ಮುನ್ನಾ ದಿನವೇ ಹಾಯಿ ಇಳಿಸಿ ವೇಗ ತಗ್ಗಿಸುತ್ತಾರೆ. ಅದಾಗದೆ ಸಂಜೆಯ ಹೊತ್ತಿಗೆ ತಲುಪಿದವರು, ಊರಿನ ದೀಪಗಳು ಎದುರಿಗೇ ಕಾಣುತ್ತಿದ್ದರೂ, ದಿಬ್ಬದಿಂದ ದೂರ ಸರಿದು ರಾತ್ರಿಯಿಡೀ ಹೊರಗಡಲಲ್ಲೇ ಕಾಯುತ್ತಾರೆ.