ಬಿಗಿ ಮುಚ್ಚಳದ ಡಬ್ಬಿಗೆ ಕುಟ್ಟೆ ಹುಳ ಬಂದದ್ದೆಲ್ಲಿಂದ?

ಪ್ರಶ್ನೆ: ಮೇಡಂ, ನಮ್ಮ ಹೊಲದ ಅಲಸಂದೆ ಕಾಳನ್ನು ಎರಡು ದಿನ ಅಂಗಳದಲ್ಲಿ ಒಣಗಿಸಿ ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದೆ. ಎರಡು ತಿಂಗಳು ಬಿಟ್ಟು ತೆಗೆದರೆ ಅರ್ಧಕ್ಕರ್ಧ ತೂತು! ಇರುವೆಯೂ ನುಗ್ಗದ ಡಬ್ಬಿಗೆ ಹುಳ ಹೇಗೆ ಹೋಯಿತು? ಪಕ್ಕದ ಮನೆಯವರು ಗೋದಾಮಿಗೆ ಇಡುವ ಮಾತ್ರೆ ಕೊಡ್ತೀನಿ ಅಂತಾರೆ. ಇಡಬಹುದಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಮಾತ್ರೆಯ ವಿಷಯ. ಬೇಡವೇ ಬೇಡ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಹುಳ ಸಾಯುತ್ತದೆ, ಮುಚ್ಚಿದ ಕೋಣೆಯಲ್ಲಿ ಮಲಗಿದವರೂ ಸಾಯಬಹುದು. ಪಕ್ಕದವರ ಮನೆಯಲ್ಲಿ ಇದ್ದರೆ ಅವರಿಗೂ ಹೇಳಿ.

ಇನ್ನು ಹುಳ. ಅದು ಡಬ್ಬಿಗೆ ಹೋಗಲಿಲ್ಲ, ನೀವೇ ಕಾಳಿನ ಜೊತೆ ತುಂಬಿದಿರಿ. ಕುಟ್ಟೆ ಹುಳ ಅಂದರೆ ಒಂದು ಪುಟ್ಟ ದುಂಬಿ. ಹೊಲದಲ್ಲಿ ಕಾಯಿ ಬಲಿಯುವಾಗಲೇ ಅದರ ಮೇಲೆ ಮೊಟ್ಟೆ ಇಡುತ್ತದೆ.

ನಾನು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಇದೇ ಹುಳ ಸಾಕಿದವಳು. ಕೊಲ್ಲುವುದನ್ನು ಕಲಿಯಲು ಮೊದಲು ಸಾಕಬೇಕು ಅಲ್ವಾ? ಗಾಜಿನ ಸೀಸೆ, ಒಂದು ಹಿಡಿ ಕಾಳು, ಬಾಯಿಗೆ ತೆಳು ಬಟ್ಟೆ, ಸುಮಾರು 30 ಡಿಗ್ರಿ ಬೆಚ್ಚಗಿನ ಪೆಟ್ಟಿಗೆ. ಇಷ್ಟೇ. ಒಮ್ಮೆ ಬಟ್ಟೆಯ ದಾರ ಸಡಿಲಾಗಿ, ನನ್ನ ಊಟದ ಚೀಲದಲ್ಲಿದ್ದ ಹುರುಳಿ ಪೊಟ್ಟಣಕ್ಕೆ ಅವು ಸಂಸಾರ ಹೂಡಿದ್ದವು. ಮನೆಯಲ್ಲಿ ಇಂದಿಗೂ ಆ ಮಾತು ಎತ್ತುತ್ತಾರೆ.

ಭೂತಗನ್ನಡಿಯಲ್ಲಿ ನೋಡಿದರೆ ಮೊಟ್ಟೆ ಕಾಳಿಗೆ ಅಂಟಿಕೊಂಡೇ ಇರುತ್ತದೆ. ಮರಿ ಹೊರಗೆ ಬರುವುದೇ ಇಲ್ಲ. ಮೊಟ್ಟೆಯ ತಳದಿಂದಲೇ ನೇರ ಕಾಳಿನೊಳಗೆ ಕೊರೆದು ಇಳಿಯುತ್ತದೆ. ಕೊರೆದ ಪುಡಿಯನ್ನು ಹಿಂದಿನ ಖಾಲಿ ಮೊಟ್ಟೆಗೆ ತಳ್ಳುತ್ತದೆ. ನಿಮಗೆ ಕಾಣುವ ಬಿಳಿ ಚುಕ್ಕಿ ಅದೇ. ಚುಕ್ಕಿ ಬೆಳ್ಳಗಾಗಿದೆ ಅಂದರೆ ಮರಿ ಆಗಲೇ ಒಳಗೆ ಸೇರಿದೆ. ಒಳಗೇ ಬೆಳೆದು, ಕಾಳಿಗೆ ತೂತು ಮಾಡಿ ಹೊರಗೆ ಬಂದ ದುಂಬಿಗೆ ಊಟ ಬೇಕಿಲ್ಲ, ಹತ್ತು ಹನ್ನೆರಡು ದಿನ ಬದುಕುತ್ತದೆ. ಅಷ್ಟರಲ್ಲಿ ಒಂದು ಹೆಣ್ಣು 80-100 ಮೊಟ್ಟೆ ಇಡುತ್ತದೆ. ಬೆಚ್ಚಗಿದ್ದರೆ ತಿಂಗಳೊಳಗೆ ಮುಂದಿನ ತಲೆಮಾರು ಸಿದ್ಧ. ನಿಮ್ಮ ಎರಡು ತಿಂಗಳಿಗೆ ಲೆಕ್ಕ ಹಾಕಿ ನೋಡಿ.

ಅಂಗಳದ ಬಿಸಿಲಿಗೆ ದುಂಬಿ ಓಡಿಹೋಗುತ್ತದೆ, ಒಳಗಿನ ಮರಿ ಆರಾಮಾಗಿರುತ್ತದೆ. ಕಾಳೇ ಬಿಸಿಯೇರಬೇಕು. ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ, ಮೇಲೊಂದು ತಿಳಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಇಡಿ. ಒಳಗೆ 57 ಡಿಗ್ರಿ ಒಂದು ಗಂಟೆ ನಿಂತರೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ನಾನಾದರೆ ಉರಿಬಿಸಿಲಿನ ಮಧ್ಯಾಹ್ನ ಮೂರು ಗಂಟೆ ಹೊತ್ತು ಬಿಡುತ್ತೇನೆ. ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಕಾಳು ತುಂಬಿದರೆ ಡಬ್ಬಿ ಬೆವರಿ ಬೂಸ್ಟು ಹಿಡಿಯುತ್ತದೆ.

ಡಬ್ಬಿಯನ್ನು ಕಂಠಮಟ್ಟ ತುಂಬಿ. ಗಾಳಿ ಕಡಿಮೆ ಇದ್ದಷ್ಟೂ ಹುಳಕ್ಕೆ ಉಸಿರು ಕಟ್ಟುತ್ತದೆ. ದಿನಬಳಕೆಗೆ ಸಣ್ಣ ಡಬ್ಬಿ ಬೇರೆ ಇರಲಿ. ದೊಡ್ಡದನ್ನು ಸುಮ್ನೆ ತೆಗೆದು ತೆಗೆದು ನೋಡಬೇಡಿ.

ಬಿತ್ತನೆಗೆ ಇಡುವ ಕಾಳಿಗೆ ಕಿಲೋಗೆ 5 ಎಂಎಲ್ ಹರಳೆಣ್ಣೆ ಸವರಿ. ಮೊಟ್ಟೆ ಒಡೆಯುವುದಿಲ್ಲ.

ಈಗ ತೂತಾಗಿರುವುದನ್ನು ಕೇರಿ ಬೇರೆ ಮಾಡಿ. ಬೂಸ್ಟು ವಾಸನೆ ಇಲ್ಲದಿದ್ದರೆ ಕೋಳಿಗೆ ಹಾಕಿ. ಚುಕ್ಕಿ ಇದ್ದೂ ತೂತಾಗದ ಕಾಳನ್ನು ಮಾತ್ರ ನಂಬಬೇಡಿ, ಅದನ್ನು ಇವತ್ತೇ ಪ್ಲಾಸ್ಟಿಕ್ ಹಾಳೆಯಡಿ ಹಾಕಿ.