ಓದುಗರ ಪ್ರಶ್ನೆ: ಫೀಲ್ಡಿಂಗ್‌ನಲ್ಲಿ ನಿಪುಣ, ಬ್ಯಾಟಿಂಗ್‌ನಲ್ಲಿ ದುರ್ಬಲ

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಕೇವಲ ಫೀಲ್ಡಿಂಗ್ ಬಲದಿಂದ ತಂಡದಲ್ಲಿ ಉಳಿದವರು ಇದ್ದಾರೆಯೇ? ಅವರ ಬ್ಯಾಟಿಂಗ್ ಮುಂದೆ ಸುಧಾರಿಸುತ್ತದೆಯೇ?

ಉತ್ತರ: ಇದ್ದಾರೆ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನ ಕಡೆಗೆ ಚೆಂಡು ಪದೇ ಪದೇ ಬರುವುದರಿಂದ, ಅಲ್ಲಿ ಅವನು ತಡೆಯುವ ರನ್‌ಗಳು ಬ್ಯಾಟಿನಲ್ಲಿ ಕಳೆದುಕೊಂಡದ್ದನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ. ಬಾಲ್ಟಿಮೋರ್‌ನ ಶಾರ್ಟ್‌ಸ್ಟಾಪ್ ಮಾರ್ಕ್ ಬೆಲ್ಯಾಂಜರ್, ಉತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿಯನ್ನು 8 ಬಾರಿ ಗೆದ್ದರೂ ಅವರ ಒಟ್ಟು ಬ್ಯಾಟಿಂಗ್ ಸರಾಸರಿ (ಸಿಕ್ಕ ಅವಕಾಶಗಳಲ್ಲಿ ಹಿಟ್‌ಗಳ, ಅಂದರೆ ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದ ಹೊಡೆತಗಳ ಪ್ರಮಾಣ) 0.228ರಲ್ಲೇ ನಿಂತಿತು.

ಸುಧಾರಣೆಗೆ ನಾನು ಅತ್ಯಂತ ಗೌರವದಿಂದ ನೆನೆಯುವ ಹೆಸರು ಇನ್ನೊಬ್ಬ ಶಾರ್ಟ್‌ಸ್ಟಾಪ್ ಆಜಿ ಸ್ಮಿತ್. 1979ರಲ್ಲಿ ಸ್ಯಾನ್ ಡಿಯಾಗೊ ಪರ ಅವರ ಸರಾಸರಿ 0.211, ಎಂದರೆ ನೂರು ಅವಕಾಶಗಳಲ್ಲಿ ಸುಮಾರು 21 ಹಿಟ್ ಮಾತ್ರ. 1982ರಲ್ಲಿ ಸೇಂಟ್ ಲೂಯಿಸ್ ಸೇರಿದ ಮೇಲೆ ವ್ಯವಸ್ಥಾಪಕ ವೈಟಿ ಹರ್ಜಾಗ್, ಚೆಂಡನ್ನು ಮೇಲಕ್ಕೆತ್ತಿದರೆ ಸ್ಮಿತ್ ಒಂದು ಡಾಲರ್ ಕೊಡಬೇಕು, ನೆಲಕ್ಕೆ ಹೊಡೆದರೆ ತಾವು ಕೊಡುವುದಾಗಿ ಬಾಜಿ ಕಟ್ಟಿದರು. ಅಲ್ಲಿನ ಕೃತಕ ಹುಲ್ಲಿನ ಮೇಲೆ ವೇಗವಾಗಿ ಉರುಳುವ ಚೆಂಡು ಮತ್ತು ಸ್ಮಿತ್ ಅವರ ಓಟ, ಎರಡೂ ಈ ಉಪಾಯಕ್ಕೆ ಹೊಂದಿಕೊಂಡವು. ಬಲಗೈ, ಎಡಗೈ ಎರಡೂ ಬದಿಯಿಂದ ಬ್ಯಾಟಿಂಗ್ ಮಾಡುತ್ತಿದ್ದ ಅವರು ತೋಳಿನ ಬಲಕ್ಕಿಂತ ತಾಳ್ಮೆಯನ್ನು ಬೆಳೆಸಿಕೊಂಡರು. 1987ರಲ್ಲಿ ಒಂದೂ ಹೋಮ್ ರನ್ ಹೊಡೆಯದೆಯೇ ಸರಾಸರಿಯನ್ನು 0.303ಕ್ಕೆ ಏರಿಸಿ, 75 ರನ್‌ಗಳನ್ನು ತಂಡಕ್ಕೆ ತಂದುಕೊಟ್ಟು, ಅಮೆರಿಕದ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನ ಆಯ್ಕೆಯಲ್ಲಿ ಎರಡನೆಯವರಾದರು.

ಆದರೆ ಎಲ್ಲರಿಗೂ ಇದು ಸಾಧ್ಯವೆಂದು ಹೇಳಲಾರೆ. ಸ್ಮಿತ್ ಅವರಿಗೆ ಕಲಿಯಲು ವರ್ಷಗಳು ದೊರೆತದ್ದು, ಸತತ 13 ಗೋಲ್ಡ್ ಗ್ಲೌವ್ ತಂದುಕೊಟ್ಟ ಆ ಫೀಲ್ಡಿಂಗ್‌ನಿಂದಲೇ.